ಹುಡುಕಿ ಬರುವವರಿಗೆ ನಾವು ಸಿಗುತ್ತಿದ್ದೇವೆಯೇ? – ಸಂಘದ ಜಾಲತಾಣಕ್ಕೆ ಶೋಧ ನಿಗಾ ವ್ಯವಸ್ಥೆ

ಕೆಲವು ಸಮಯದ ಹಿಂದೆ ಪುಣೆಯಲ್ಲಿ ನೆಲೆಸಿರುವ ಕನ್ನಡ ಮಹಿಳೆಯೊಬ್ಬರು ಮುಂಬಯಿಯ ನಮ್ಮ ಸಂಘದ ಕಾರ್ಯಾಲಯಕ್ಕೆ ದೂರವಾಣಿ ಕರೆ ಮಾಡಿದ್ದರು. ಅವರ ಅಜ್ಜ ಎಳೆಯ ವಯಸ್ಸಿನಲ್ಲಿ ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದು, ಹಗಲಿನಲ್ಲಿ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಅಂತಹುದೇ ಶಾಲೆಯೊಂದರಲ್ಲಿ ಅಧ್ಯಾಪಕರಾದವರು. ಅಜ್ಜ ಬರೆದದ್ದು ಏನಾದರೂ ಉಳಿದಿದೆಯೇ ಎಂದು ಆಕೆ ಅಂತರ್ಜಾಲದಲ್ಲಿ ಅನೇಕ ಬಾರಿ ಹುಡುಕಿದ್ದರಂತೆ. ಏನೂ ಸಿಕ್ಕಿರಲಿಲ್ಲ. ವಾಸ್ತವದಲ್ಲಿ ರಾತ್ರಿ ಶಾಲೆಯ ದಿನಗಳನ್ನು ಕುರಿತು ಆ ಹಿರಿಯರು ಬರೆದ ಲೇಖನ ನಮ್ಮ ಹಳೆಯ ಸ್ಮರಣ ಸಂಚಿಕೆಯಲ್ಲಿದೆ. ಆ ಸಂಚಿಕೆ ನಮ್ಮ ಜಾಲತಾಣದಲ್ಲಿ ಹಲವು ವರ್ಷಗಳಿಂದಲೂ ಇದೆ.

ಇದ್ದೂ ಸಿಗಲಿಲ್ಲವೇಕೆ ಎಂಬ ಪ್ರಶ್ನೆ ನಮ್ಮನ್ನು ನಾಚಿಸಿತು. ಜಾಲತಾಣವನ್ನು ನಿರ್ಮಿಸಿ, ಉದ್ಘಾಟನೆ ಮಾಡಿ, ಚಿತ್ರಗಳನ್ನು ಏರಿಸಿದಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತೆಂದು ನಾವು ಭಾವಿಸಿದ್ದೆವು. ಹುಡುಕುವವರಿಗೆ ಅದು ಕಾಣುತ್ತಿದೆಯೇ ಎಂದು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಆ ಪರೀಕ್ಷೆಗೆ ಬೇಕಾದ ಉಪಕರಣಗಳು ಉಚಿತವಾಗಿಯೇ ದೊರೆಯುತ್ತವೆ. ಅಳವಡಿಸಲು ವಿಶೇಷ ಪರಿಣತಿಯೂ ಬೇಕಿಲ್ಲ. ಹೊರನಾಡಿನ ಇತರ ಕನ್ನಡ ಸಂಸ್ಥೆಗಳಿಗೂ, ಸ್ವಂತ ಜಾಲತಾಣವುಳ್ಳ ಕನ್ನಡ ಬಂಧುಗಳಿಗೂ ಉಪಯೋಗವಾಗಲೆಂದು ನಾವು ಕಲಿತದ್ದನ್ನು ಇಲ್ಲಿ ಕ್ರಮವಾಗಿ ನಿರೂಪಿಸುತ್ತಿದ್ದೇವೆ.

ಶೋಧಕ ಯಂತ್ರದ ಮೂರು ಕೆಲಸಗಳು

ಗೂಗಲ್, ಬಿಂಗ್ ಮುಂತಾದ ಸರ್ಚ್ ಎಂಜಿನ್‌ಗಳನ್ನು ಇಲ್ಲಿ ಶೋಧಕ ಯಂತ್ರ ಎಂದು ಕರೆಯೋಣ. ಅವು ಮೂರು ಹಂತಗಳಲ್ಲಿ ಕೆಲಸ ಮಾಡುತ್ತವೆ. ಮೊದಲನೆಯದಾಗಿ, ಕೊಂಡಿಯಿಂದ ಕೊಂಡಿಗೆ ಸಾಗುತ್ತ ಪುಟಗಳನ್ನು ಓದಿಕೊಂಡು ಬರುತ್ತವೆ. ಎರಡನೆಯದಾಗಿ, ಓದಿದ ಪುಟಗಳಲ್ಲಿ ತಮಗೆ ಯೋಗ್ಯವೆಂದು ತೋರಿದವನ್ನು ಸೂಚಿಯಲ್ಲಿ ಸೇರಿಸಿಕೊಳ್ಳುತ್ತವೆ. ಮೂರನೆಯದಾಗಿ, ಯಾರಾದರೂ ಪದವೊಂದನ್ನು ಟೈಪ್ ಮಾಡಿದಾಗ ಆ ಸೂಚಿಯಿಂದ ಹೊಂದುವ ಪುಟಗಳನ್ನು ಆರಿಸಿ ಕ್ರಮವಾಗಿ ಮುಂದಿಡುತ್ತವೆ. ಈ ಮೂರರಲ್ಲಿ ಎಲ್ಲಿ ತೊಡಕಾದರೂ ಪುಟ ಓದುಗನಿಗೆ ದೊರೆಯದು. ಯಾವ ಹಂತದಲ್ಲಿ ತೊಡಕಾಗಿದೆ ಎಂದು ತಾಣದ ಒಡೆಯರಿಗೆ ತಿಳಿಸುವುದೇ ನಿಗಾ ಉಪಕರಣದ ಉದ್ದೇಶ.

ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಗೂಗಲ್ ಸರ್ಚ್ ಕನ್ಸೋಲ್. 2005ರಲ್ಲಿ ಗೂಗಲ್ ಸೈಟ್‌ಮ್ಯಾಪ್ಸ್ ಎಂಬ ಹೆಸರಿನಲ್ಲಿ ಆರಂಭಗೊಂಡು, 2006ರಲ್ಲಿ ವೆಬ್‌ಮಾಸ್ಟರ್ ಟೂಲ್ಸ್ ಎನಿಸಿಕೊಂಡು, 2015ರಲ್ಲಿ ಇಂದಿನ ಹೆಸರನ್ನು ಪಡೆಯಿತು. ಮೈಕ್ರೋಸಾಫ್ಟ್ ಸಂಸ್ಥೆಯ ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್ ಇದೇ ಬಗೆಯ ಇನ್ನೊಂದು ಉಪಕರಣ. ಎರಡಕ್ಕೂ ಶುಲ್ಕವಿಲ್ಲ.

ಖಾತೆ ಯಾರ ಹೆಸರಿನಲ್ಲಿರಬೇಕು?

ತಾಂತ್ರಿಕ ವಿಷಯಕ್ಕೆ ಹೋಗುವ ಮೊದಲು ಆಡಳಿತದ ವಿಷಯವೊಂದನ್ನು ಹೇಳಲೇಬೇಕಾಗಿದೆ. ಸಂಘಗಳ ಜಾಲತಾಣವನ್ನು ಸಾಮಾನ್ಯವಾಗಿ ಉತ್ಸಾಹಿ ತರುಣರೊಬ್ಬರು ನಿರ್ಮಿಸಿಕೊಡುತ್ತಾರೆ. ಎಲ್ಲ ಖಾತೆಗಳೂ ಅವರ ಸ್ವಂತ ಇ-ಮೇಲ್ ವಿಳಾಸದಲ್ಲಿರುತ್ತವೆ. ಮುಂದೆ ಅವರು ಉದ್ಯೋಗನಿಮಿತ್ತ ಬೇರೆ ಊರಿಗೋ ಪರದೇಶಕ್ಕೋ ತೆರಳಿದಾಗ ತಾಣದ ಕೀಲಿಕೈಯೂ ಅವರೊಡನೆ ಹೋಗುತ್ತದೆ. ಇದರಲ್ಲಿ ಅವರ ತಪ್ಪಿಲ್ಲ. ಕೇಳಿ ಇರಿಸಿಕೊಳ್ಳದ ತಪ್ಪು ಸಮಿತಿಯದು. ನಮ್ಮಲ್ಲಿಯೂ ಹೀಗೆಯೇ ಆಗಿತ್ತು.

ಆದ್ದರಿಂದ ಮೊದಲು ಸಂಘದ ಹೆಸರಿನಲ್ಲಿಯೇ ಗೂಗಲ್ ಖಾತೆಯೊಂದನ್ನು ತೆರೆಯಿರಿ. ಸರ್ಚ್ ಕನ್ಸೋಲ್‌ನಲ್ಲಿ ಒಡೆಯ, ಪೂರ್ಣ ಬಳಕೆದಾರ ಮತ್ತು ಸೀಮಿತ ಬಳಕೆದಾರ ಎಂಬ ದರ್ಜೆಗಳಿವೆ. ಒಡೆತನ ಸಂಘದ ಖಾತೆಯಲ್ಲಿರಲಿ. ಕಾರ್ಯದರ್ಶಿ ಹಾಗೂ ತಾಣದ ಹೊಣೆ ಹೊತ್ತ ಸ್ವಯಂಸೇವಕರನ್ನು ಪೂರ್ಣ ಬಳಕೆದಾರರನ್ನಾಗಿ ಸೇರಿಸಬಹುದು. ವರದಿಯನ್ನು ನೋಡಬಯಸುವ ಇತರ ಪದಾಧಿಕಾರಿಗಳಿಗೆ ಸೀಮಿತ ದರ್ಜೆ ಸಾಕು. ಸಮಿತಿ ಬದಲಾದಾಗ ಬ್ಯಾಂಕಿನ ಸಹಿ ಬದಲಿಸುವಂತೆಯೇ ಈ ಪಟ್ಟಿಯನ್ನೂ ಬದಲಿಸುವ ಪರಿಪಾಠವಿರಲಿ.

ಒಡೆತನವನ್ನು ದೃಢಪಡಿಸುವುದು

ಸಂಘದ ಖಾತೆಯಿಂದ ಸರ್ಚ್ ಕನ್ಸೋಲ್‌ಗೆ ಪ್ರವೇಶಿಸಿದಾಗ ತಾಣವನ್ನು ಸೇರಿಸಲು ಎರಡು ವಿಧಾನಗಳು ಕಾಣುತ್ತವೆ. ಒಂದು ಡೊಮೇನ್ ವಿಧಾನ, ಇನ್ನೊಂದು ಯು.ಆರ್.ಎಲ್. ವಿಧಾನ. 2019ರಲ್ಲಿ ಬಂದ ಡೊಮೇನ್ ವಿಧಾನದಲ್ಲಿ ತಾಣದ ಎಲ್ಲ ರೂಪಗಳೂ ಒಟ್ಟಿಗೆ ಅಡಕವಾಗುತ್ತವೆ. ಅಂದರೆ ವಿಳಾಸದ ಮೊದಲಲ್ಲಿ ಮೂರು ಡಬ್ಲ್ಯು ಇರಲಿ ಇಲ್ಲದಿರಲಿ, ಎಚ್.ಟಿ.ಟಿ.ಪಿ. ಇರಲಿ ಎಚ್.ಟಿ.ಟಿ.ಪಿ.ಎಸ್. ಇರಲಿ, ಲೆಕ್ಕ ಒಂದೇ ಕಡೆ ಸೇರುತ್ತದೆ. ಯು.ಆರ್.ಎಲ್. ವಿಧಾನದಲ್ಲಿ ನಾವು ಕೊಟ್ಟ ವಿಳಾಸದಿಂದ ಆರಂಭವಾಗುವ ಪುಟಗಳ ಲೆಕ್ಕ ಮಾತ್ರ ಸಿಗುತ್ತದೆ. ಸಾಧ್ಯವಿದ್ದಲ್ಲಿ ಮೊದಲನೆಯದೇ ಉತ್ತಮ.

ಈ ತಾಣ ನಮ್ಮದೇ ಎಂದು ಗೂಗಲ್‌ಗೆ ನಾವು ರುಜುವಾತು ಕೊಡಬೇಕು. ಡೊಮೇನ್ ವಿಧಾನವನ್ನು ಆರಿಸಿಕೊಂಡರೆ ಗೂಗಲ್ ಒಂದು ಉದ್ದನೆಯ ಅಕ್ಷರಸಾಲನ್ನು ನೀಡುತ್ತದೆ. ತಾಣದ ಹೆಸರನ್ನು ನೋಂದಾಯಿಸಿದ ಸಂಸ್ಥೆಯ ಖಾತೆಯೊಳಗೆ ಹೋಗಿ, ಡಿ.ಎನ್.ಎಸ್. ಎಂಬ ವಿಭಾಗದಲ್ಲಿ ಟಿ.ಎಕ್ಸ್.ಟಿ. ಬಗೆಯ ಹೊಸ ದಾಖಲೆಯೊಂದನ್ನು ತೆರೆದು, ಆ ಸಾಲನ್ನು ಅಂಟಿಸಿ ಉಳಿಸಬೇಕು. ಬಳಿಕ ಸರ್ಚ್ ಕನ್ಸೋಲ್‌ಗೆ ಮರಳಿ ದೃಢೀಕರಣದ ಗುಂಡಿಯನ್ನು ಒತ್ತಬೇಕು. ಕೆಲವೊಮ್ಮೆ ನಿಮಿಷಗಳಲ್ಲಿ, ಕೆಲವೊಮ್ಮೆ ಒಂದೆರಡು ದಿನಗಳಲ್ಲಿ ಇದು ಫಲಿಸುತ್ತದೆ. ನೋಂದಣಿಯ ಖಾತೆಗೆ ಪ್ರವೇಶವಿಲ್ಲದವರು ಯು.ಆರ್.ಎಲ್. ವಿಧಾನವನ್ನು ಆರಿಸಿ, ಗೂಗಲ್ ಕೊಡುವ ಸಣ್ಣ ಕಡತವೊಂದನ್ನು ತಾಣದೊಳಗೆ ಏರಿಸಿಯೋ ಮುಖಪುಟದ ಸಂಕೇತದಲ್ಲಿ ಒಂದು ಸಾಲನ್ನು ಸೇರಿಸಿಯೋ ದೃಢೀಕರಿಸಬಹುದು.

ಇಲ್ಲಿ ಒಂದು ಎಚ್ಚರಿಕೆ. ಕೆಲಸವಾಯಿತೆಂದು ಆ ದಾಖಲೆಯನ್ನಾಗಲಿ ಕಡತವನ್ನಾಗಲಿ ಅಳಿಸಬಾರದು. ಗೂಗಲ್ ಆಗಾಗ ಮರುಪರೀಕ್ಷೆ ಮಾಡುತ್ತದೆ. ರುಜುವಾತು ಕಾಣದಿದ್ದರೆ ಒಡೆತನ ರದ್ದಾಗುತ್ತದೆ. ಹಾಗೆಯೇ, ಹಿಂದೆ ಒಡೆತನವಿದ್ದವರನ್ನು ಬಿಡುಗಡೆ ಮಾಡಬೇಕಾದರೆ ಅವರ ಹೆಸರನ್ನು ಪಟ್ಟಿಯಿಂದ ತೆಗೆದರೆ ಸಾಲದು, ಅವರ ಕಾಲದ ರುಜುವಾತನ್ನೂ ತೆಗೆಯಬೇಕು.

ಪುಟಗಳ ಪಟ್ಟಿ

ಮುಂದಿನ ಹೆಜ್ಜೆ ಸೈಟ್‌ಮ್ಯಾಪ್ ಸಲ್ಲಿಸುವುದು. ನಮ್ಮ ತಾಣದಲ್ಲಿ ಯಾವ ಯಾವ ಪುಟಗಳಿವೆ ಎಂದು ಯಂತ್ರಕ್ಕೆ ತಿಳಿಯುವ ರೂಪದಲ್ಲಿ ಬರೆದ ಪಟ್ಟಿಯೇ ಸೈಟ್‌ಮ್ಯಾಪ್. 2006ರ ನವೆಂಬರಿನಲ್ಲಿ ಗೂಗಲ್, ಯಾಹೂ ಮತ್ತು ಮೈಕ್ರೋಸಾಫ್ಟ್ ಈ ಪಟ್ಟಿಯ ರೂಪವನ್ನು ಒಮ್ಮತದಿಂದ ಒಪ್ಪಿಕೊಂಡವು. ಒಂದು ಪಟ್ಟಿಯಲ್ಲಿ 50,000 ವಿಳಾಸಗಳವರೆಗೆ ಇರಬಹುದು. ಸಂಘದ ತಾಣಕ್ಕೆ ಒಂದೇ ಪಟ್ಟಿ ಧಾರಾಳವಾಯಿತು.

ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ನಿರ್ಮಿಸಿದ ತಾಣಗಳಿಗೆ 2020ರಲ್ಲಿ ಬಂದ 5.5ನೆಯ ಆವೃತ್ತಿಯಿಂದ ಈ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಬೇರೆ ತಂತ್ರಾಂಶಗಳಲ್ಲಿ ಹೆಚ್ಚುವರಿ ಉಪಕರಣವೊಂದನ್ನು ಸೇರಿಸಬೇಕಾಗಬಹುದು. ಸರ್ಚ್ ಕನ್ಸೋಲ್‌ನ ಸೈಟ್‌ಮ್ಯಾಪ್ ವಿಭಾಗದಲ್ಲಿ ಪಟ್ಟಿಯ ವಿಳಾಸವನ್ನು ಒಮ್ಮೆ ಕೊಟ್ಟರೆ ಸಾಕು. ಪಟ್ಟಿ ಕೊಟ್ಟ ಮಾತ್ರಕ್ಕೆ ಎಲ್ಲ ಪುಟಗಳೂ ಸೂಚಿಗೆ ಸೇರಿಬಿಡುತ್ತವೆ ಎಂಬ ಭರವಸೆಯೇನೂ ಇಲ್ಲ. ಆದರೆ ಮುಖಪುಟದಿಂದ ನೇರ ಕೊಂಡಿಯಿಲ್ಲದ ಹಳೆಯ ಲೇಖನಗಳು ಯಂತ್ರದ ಗಮನಕ್ಕೆ ಬರಲು ಇದು ಸುಲಭ ಮಾರ್ಗ.

ವರದಿಯನ್ನು ಓದುವ ಬಗೆ

ಕೆಲವು ದಿನಗಳಲ್ಲಿ ಅಂಕಿಅಂಶಗಳು ಬರತೊಡಗುತ್ತವೆ. ಪರ್ಫಾರ್ಮೆನ್ಸ್ ಎಂಬ ವರದಿಯಲ್ಲಿ ನಾಲ್ಕು ಅಳತೆಗಳಿವೆ. ನಮ್ಮ ತಾಣದ ಕೊಂಡಿ ಶೋಧದ ಫಲಿತಾಂಶಗಳಲ್ಲಿ ಎಷ್ಟು ಬಾರಿ ಕಾಣಿಸಿತು ಎಂಬುದು ಇಂಪ್ರೆಶನ್. ಎಷ್ಟು ಬಾರಿ ಅದನ್ನು ಒತ್ತಿ ಒಳಗೆ ಬಂದರು ಎಂಬುದು ಕ್ಲಿಕ್. ಇವೆರಡರ ಶೇಕಡಾವಾರು ಸಂಬಂಧವೇ ಸಿ.ಟಿ.ಆರ್. ಉದಾಹರಣೆಗೆ, 200 ಬಾರಿ ಕಾಣಿಸಿ 10 ಬಾರಿ ಒತ್ತಿದ್ದರೆ ಅದು ಶೇಕಡಾ 5. ನಾಲ್ಕನೆಯದು ಸರಾಸರಿ ಸ್ಥಾನ. ಇಲ್ಲಿ ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು, ಏಕೆಂದರೆ 1 ಎಂದರೆ ಎಲ್ಲಕ್ಕಿಂತ ಮೇಲಿನ ಸ್ಥಾನ.

ಕಾಣಿಸುವುದು ಹೆಚ್ಚಿದ್ದು ಒತ್ತುವವರು ಕಡಿಮೆಯಿದ್ದರೆ, ಪುಟದ ಶೀರ್ಷಿಕೆ ಓದುಗನಿಗೆ ಏನನ್ನೂ ಹೇಳುತ್ತಿಲ್ಲವೆಂದು ಊಹಿಸಬಹುದು. ನಮ್ಮ ತಾಣದ ಅನೇಕ ಪುಟಗಳಿಗೆ ‘ಮುಖಪುಟ’, ‘ಕಾರ್ಯಕ್ರಮ’, ‘ಪುಟ 2’ ಎಂಬ ಶೀರ್ಷಿಕೆಗಳಿದ್ದವು. ‘ಮಕ್ಕಳಿಗೆ ಕನ್ನಡ ಕಲಿಕೆಯ ವಾರಾಂತ್ಯದ ತರಗತಿ’ ಎಂದು ಸ್ಪಷ್ಟವಾಗಿ ಬರೆದರೆ ಹುಡುಕುವ ತಾಯಿತಂದೆಯರಿಗೆ ತಮಗೆ ಬೇಕಾದದ್ದು ಇದೇ ಎಂದು ತಿಳಿಯುತ್ತದೆ.

ಈ ವರದಿಯ ಅತ್ಯಮೂಲ್ಯ ಭಾಗ ಶೋಧಪದಗಳ ಪಟ್ಟಿ. ಜನರು ಏನೆಂದು ಟೈಪ್ ಮಾಡಿ ನಮ್ಮ ಬಳಿಗೆ ಬಂದರೆಂದು ಅದು ಹೇಳುತ್ತದೆ. ನಾವು ಹಿಂದಿನಿಂದಲೂ ನಮ್ಮ ನಗರದ ಹೆಸರನ್ನು ‘ಮುಂಬಯಿ’ ಎಂದೇ ಬರೆಯುತ್ತ ಬಂದವರು. ಆದರೆ ಹುಡುಕುವವರಲ್ಲಿ ಹಲವರು ‘ಮುಂಬೈ’ ಎಂದು ಬರೆಯುತ್ತಾರೆ. ಇನ್ನು ಕೆಲವರು ಕನ್ನಡ ಪದಗಳನ್ನೇ ರೋಮನ್ ಲಿಪಿಯಲ್ಲಿ ಟೈಪ್ ಮಾಡುತ್ತಾರೆ. ಶೋಧಕ ಯಂತ್ರ ಈ ರೂಪಗಳನ್ನು ಒಂದೇ ಎಂದು ಗ್ರಹಿಸಬಹುದು, ಗ್ರಹಿಸದೆಯೂ ಇರಬಹುದು. ಆದ್ದರಿಂದ ನಮ್ಮ ಬರವಣಿಗೆಯ ಪದ್ಧತಿಯನ್ನು ಬಿಡದೆ, ಪರಿಚಯದ ಪುಟದಲ್ಲಿ ಎರಡೂ ರೂಪಗಳು ಸಹಜವಾಗಿ ಬರುವಂತೆ ವಾಕ್ಯಗಳನ್ನು ಸೇರಿಸಿದೆವು, ರೋಮನ್ ಲಿಪಿಯಲ್ಲಿ ಸಂಘದ ಹೆಸರನ್ನೂ ವಿಳಾಸವನ್ನೂ ಬರೆದೆವು. ಹೊಸದಾಗಿ ಊರಿಗೆ ಬಂದ ಕುಟುಂಬ ನಮ್ಮ ಕಾಗುಣಿತವನ್ನು ಅರಿತುಕೊಂಡು ಹುಡುಕಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

‘ಯಾರು ಹುಡುಕಿದರೆಂದೂ ಇದರಲ್ಲಿ ತಿಳಿಯುತ್ತದೆಯೇ?’ ಎಂದು ನಮ್ಮ ಹಿರಿಯ ಸದಸ್ಯರೊಬ್ಬರು ಕೇಳಿದರು. ತಿಳಿಯುವುದಿಲ್ಲ. ದೇಶ, ಸಾಧನ ಮತ್ತು ದಿನಾಂಕ ಮಾತ್ರ ತಿಳಿಯುತ್ತವೆ. ತೀರ ವಿರಳವಾದ ಶೋಧಪದಗಳನ್ನು ಖಾಸಗಿತನದ ದೃಷ್ಟಿಯಿಂದ ಗೂಗಲ್ ಪಟ್ಟಿಯಲ್ಲಿ ತೋರಿಸುವುದೇ ಇಲ್ಲ. ಆದಕಾರಣ ಪಟ್ಟಿಯಲ್ಲಿರುವ ಪದಗಳ ಮೊತ್ತವೂ ಒಟ್ಟು ಮೊತ್ತವೂ ಹೊಂದದಿದ್ದರೆ ಗಾಬರಿಪಡಬೇಕಾಗಿಲ್ಲ.

ಅಂಕಿಅಂಶಗಳು 16 ತಿಂಗಳು ಮಾತ್ರ ಉಳಿದಿರುತ್ತವೆ. ಈ ವರ್ಷದ ರಾಜ್ಯೋತ್ಸವದ ತಿಂಗಳನ್ನು ಕಳೆದ ವರ್ಷದ ಅದೇ ತಿಂಗಳಿನೊಡನೆ ಹೋಲಿಸಲು ಅಷ್ಟು ಸಾಕು. ಅದಕ್ಕಿಂತ ಹಿಂದಿನದು ಬೇಕೆಂದರೆ ವರ್ಷಕ್ಕೊಮ್ಮೆ ವರದಿಯನ್ನು ಇಳಿಸಿಕೊಂಡು ಸಂಘದ ಕಡತದಲ್ಲಿ ಇರಿಸಿಕೊಳ್ಳಬೇಕು.

ಕಾಣದ ಪುಟಗಳು, ಕಾರಣಗಳು

ಯಾವ ಪುಟಗಳು ಸೂಚಿಯಲ್ಲಿಲ್ಲ, ಏಕಿಲ್ಲ ಎಂಬುದನ್ನು ಪೇಜ್ ಇಂಡೆಕ್ಸಿಂಗ್ ಎಂಬ ವರದಿ ತಿಳಿಸುತ್ತದೆ. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ, ಶೋಧಕ ಯಂತ್ರಗಳು ಈ ತಾಣವನ್ನು ಸೂಚಿಗೆ ಸೇರಿಸದಿರಲಿ ಎಂದು ಕೇಳಿಕೊಳ್ಳುವ ಚೌಕವೊಂದಿದೆ. ತಾಣ ನಿರ್ಮಾಣದ ಹಂತದಲ್ಲಿ ಅದನ್ನು ಗುರುತು ಹಾಕಿ, ಉದ್ಘಾಟನೆಯಾದ ಮೇಲೆ ತೆಗೆಯಲು ಮರೆಯುವವರು ಬಹಳ. ಆ ಒಂದು ಗುರುತಿನಿಂದ ಇಡೀ ತಾಣವೇ ಮರೆಯಾಗಿ ಉಳಿಯಬಲ್ಲದು.

ಇನ್ನೊಂದು ಕಾರಣ ನಮ್ಮ ಸಂಸ್ಥೆಗಳಲ್ಲಿ ಸರ್ವೇಸಾಮಾನ್ಯ. ಆಮಂತ್ರಣ ಪತ್ರಿಕೆಯ ಚಿತ್ರವನ್ನು ಹಾಗೆಯೇ ಏರಿಸಿ ಸುಮ್ಮನಾಗುತ್ತೇವೆ. ಕಣ್ಣಿಗೆ ಅಂದವಾಗಿ ಕಾಣುವ ಆ ಚಿತ್ರದೊಳಗಿನ ಅಕ್ಷರಗಳನ್ನು ಪುಟದ ಪಠ್ಯದಂತೆ ಯಂತ್ರ ಓದಿಕೊಳ್ಳುತ್ತದೆಂದು ನಂಬುವಂತಿಲ್ಲ. ಚಿತ್ರದ ಕೆಳಗೆ ಕಾರ್ಯಕ್ರಮದ ಹೆಸರು, ದಿನಾಂಕ, ಸಮಯ, ಸ್ಥಳ ಮತ್ತು ಕಲಾವಿದರ ಹೆಸರುಗಳನ್ನು ನಾಲ್ಕು ಸಾಲುಗಳಲ್ಲಿ ಟೈಪ್ ಮಾಡಿದರೆ ಯಕ್ಷಗಾನವನ್ನು ಹುಡುಕಿದವರಿಗೆ ನಮ್ಮ ಯಕ್ಷಗಾನ ಸಿಗುತ್ತದೆ.

ಮೂರನೆಯ ಕಾರಣವೇ ನಮ್ಮ ಸ್ಮರಣ ಸಂಚಿಕೆಯನ್ನು ಮರೆಮಾಡಿದ್ದು. ಸರ್ಚ್ ಕನ್ಸೋಲ್‌ನಲ್ಲಿ ಒಂದೊಂದೇ ಪುಟವನ್ನು ಪರೀಕ್ಷಿಸುವ ಯು.ಆರ್.ಎಲ್. ಇನ್‌ಸ್ಪೆಕ್ಷನ್ ಎಂಬ ಸೌಲಭ್ಯವಿದೆ. ಆ ಅಜ್ಜನವರ ಲೇಖನದ ವಿಳಾಸವನ್ನು ಅಲ್ಲಿ ಕೊಟ್ಟಾಗ, ಪುಟ ಸೂಚಿಯಲ್ಲಿದೆ ಎಂಬ ಉತ್ತರವೇ ಬಂದಿತು. ಹಾಗಾದರೆ ಸಿಗದಿರಲು ಕಾರಣವೇನು? ಯಂತ್ರ ಓದಿಕೊಂಡ ಪ್ರತಿಯನ್ನು ತೆರೆದು ನೋಡಿದಾಗ ಅಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಇದ್ದದ್ದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಅರ್ಥಹೀನ ಸಾಲುಗಳು.

ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿದ್ದರೂ ಸಾಮಾನ್ಯ ಗಣಕಯಂತ್ರಗಳಲ್ಲಿ ಅದರ ಬಳಕೆ ರೂಢಿಗೆ ಬರಲು ಬಹುಕಾಲ ಹಿಡಿಯಿತು. ಅಲ್ಲಿಯವರೆಗೆ ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳು ನಮ್ಮನ್ನು ಕಾಪಾಡಿದವು. ಅವುಗಳ ಹಳೆಯ ಅಕ್ಷರಶೈಲಿಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಲಾಗುತ್ತಿತ್ತು. ಮನುಷ್ಯನ ಕಣ್ಣಿಗೆ ಕನ್ನಡ, ಯಂತ್ರದ ಪಾಲಿಗೆ ರೋಮನ್. ಆ ತಂತ್ರಾಂಶಗಳಿಲ್ಲದಿದ್ದರೆ ನಮ್ಮ ಸಂಚಿಕೆಗಳು ಅಚ್ಚಾಗುತ್ತಲೇ ಇರಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಆ ಕಾಲದ ಕಡತಗಳನ್ನು ಹಾಗೆಯೇ ತಾಣಕ್ಕೆ ಏರಿಸಿದರೆ, ಇಂದು ಯೂನಿಕೋಡ್ ಕನ್ನಡದಲ್ಲಿ ಹುಡುಕುವವರಿಗೆ ಅವು ಸಿಗುವುದಿಲ್ಲ.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಪುಟದಿಂದ ಅಥವಾ ಪಿ.ಡಿ.ಎಫ್. ಕಡತದಿಂದ ಎರಡು ಸಾಲುಗಳನ್ನು ನಕಲು ಮಾಡಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿರಿ. ಕನ್ನಡವೇ ಮೂಡಿದರೆ ಚಿಂತೆಯಿಲ್ಲ. ರೋಮನ್ ಅಕ್ಷರಗಳ ಗೋಜಲು ಮೂಡಿದರೆ ಯಂತ್ರಕ್ಕೂ ಅಷ್ಟೇ ಕಾಣುತ್ತಿದೆ ಎಂದರ್ಥ. ಸಾಲನ್ನು ನಕಲು ಮಾಡಲಿಕ್ಕೇ ಬಾರದಿದ್ದರೆ ಅದು ಕೇವಲ ಚಿತ್ರ.

ಹಳೆಯ ಅಕ್ಷರಶೈಲಿಯ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆ. ಸ್ಕ್ಯಾನ್ ಮಾಡಿದ ಚಿತ್ರಗಳಿಂದ ಕನ್ನಡ ಪಠ್ಯವನ್ನು ತೆಗೆಯುವ ಟೆಸೆರಾಕ್ಟ್‌ನಂತಹ ಉಚಿತ ತಂತ್ರಾಂಶಗಳೂ ಇವೆ. ಆದರೆ ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳಲ್ಲಿ ತಪ್ಪುಗಳು ನುಸುಳುತ್ತವೆ. ಮೂಲಪ್ರತಿಯನ್ನು ಪಕ್ಕದಲ್ಲಿರಿಸಿಕೊಂಡು ಕರಡು ತಿದ್ದುವವರು ಬೇಕೇ ಬೇಕು. ವ್ಯಕ್ತಿಗಳ ಮತ್ತು ಊರುಗಳ ಹೆಸರುಗಳಲ್ಲಂತೂ ಒಂದಕ್ಷರ ತಪ್ಪಿದರೆ ಹುಡುಕುವವರ ಕೈಗೆ ಪುಟ ಸಿಗದೆ ಹೋಗಬಹುದು.

ಎಚ್ಚರಿಕೆಯ ಸಂದೇಶಗಳು

ತಾಣದೊಳಗೆ ಯಾರಾದರೂ ಅಕ್ರಮವಾಗಿ ನುಸುಳಿ ಜೂಜಿನದೋ ಔಷಧಿಯದೋ ಪುಟಗಳನ್ನು ಗುಟ್ಟಾಗಿ ಸೇರಿಸುವುದುಂಟು. ಮುಖಪುಟ ಎಂದಿನಂತೆಯೇ ಕಾಣುವುದರಿಂದ ನಮಗೆ ಗೊತ್ತಾಗುವುದೇ ಇಲ್ಲ. ಶೋಧಪದಗಳ ಪಟ್ಟಿಯಲ್ಲಿ ನಮಗೆ ಸಂಬಂಧವೇ ಇಲ್ಲದ ಪದಗಳು ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ ಅದು ಮೊದಲ ಸುಳಿವು. ಇಂತಹ ತೊಂದರೆಯನ್ನು ಗೂಗಲ್ ಪತ್ತೆಹಚ್ಚಿದಾಗ ಸೆಕ್ಯುರಿಟಿ ಇಶ್ಯೂಸ್ ಎಂಬ ವಿಭಾಗದಲ್ಲಿ ದಾಖಲಿಸಿ ಇ-ಮೇಲ್ ಮೂಲಕವೂ ತಿಳಿಸುತ್ತದೆ. ಆದರೆ ಆ ಪತ್ರ ಯಾರೂ ತೆರೆಯದ ಖಾತೆಗೆ ಹೋದರೆ ಏನು ಪ್ರಯೋಜನ? ಸಂಘದ ಖಾತೆಯ ಅಂಚೆಯನ್ನು ವಾರಕ್ಕೊಮ್ಮೆಯಾದರೂ ನೋಡುವ ಹೊಣೆಯನ್ನು ಒಬ್ಬರಿಗೆ ಒಪ್ಪಿಸಬೇಕು.

ಜೊತೆಗಿರಬೇಕಾದ ಇತರ ಉಪಕರಣಗಳು

ಸರ್ಚ್ ಕನ್ಸೋಲ್‌ನಲ್ಲಿ ದೃಢೀಕರಿಸಿದ ತಾಣವನ್ನು ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್ ನೇರವಾಗಿ ಆಮದು ಮಾಡಿಕೊಳ್ಳುತ್ತದೆ. ಮತ್ತೆ ರುಜುವಾತು ಬೇಡ. ಯಾಹೂ, ಡಕ್‌ಡಕ್‌ಗೋ ಮುಂತಾದ ಶೋಧತಾಣಗಳು ಬಹುಮಟ್ಟಿಗೆ ಬಿಂಗ್‌ನ ಫಲಿತಾಂಶಗಳನ್ನು ಅವಲಂಬಿಸಿರುವುದರಿಂದ ಈ ಐದು ನಿಮಿಷಗಳ ಕೆಲಸ ವ್ಯರ್ಥವಾಗದು.

ಗೂಗಲ್ ಅನಾಲಿಟಿಕ್ಸ್ ಬೇರೆಯೇ ಉಪಕರಣ. ತಾಣದೊಳಗೆ ಬಂದವರು ಏನನ್ನು ನೋಡಿದರೆಂದು ಅದು ತಿಳಿಸುತ್ತದೆ. ಒಳಗೆ ಬರುವ ಮುನ್ನ ಏನನ್ನು ಹುಡುಕುತ್ತಿದ್ದರೆಂಬುದನ್ನು ತಿಳಿಸುವುದು ಸರ್ಚ್ ಕನ್ಸೋಲ್. ಯೂನಿವರ್ಸಲ್ ಅನಾಲಿಟಿಕ್ಸ್ ಎಂಬ ಹಳೆಯ ಆವೃತ್ತಿ 2023ರ ಜುಲೈ 1ರಂದು ಸ್ಥಗಿತಗೊಂಡಿತು. ಅದಕ್ಕಿಂತ ಮೊದಲು ಅಳವಡಿಸಿ ಮರೆತಿರುವ ಸಂಸ್ಥೆಗಳು ತಮ್ಮ ತಾಣದಲ್ಲಿ ನಾಲ್ಕನೆಯ ಆವೃತ್ತಿಯ ಸಂಕೇತವಿದೆಯೇ ಎಂದು ಒಮ್ಮೆ ಪರಿಶೀಲಿಸುವುದು ಒಳಿತು.

ತಿಂಗಳಿಗೊಮ್ಮೆ ಅರ್ಧ ಗಂಟೆ

ಇಷ್ಟನ್ನು ಅಳವಡಿಸಿದ ಮೇಲೆ ತಿಂಗಳಿಗೊಮ್ಮೆ ಅರ್ಧ ಗಂಟೆ ಸಾಕು. ಹೊಸ ಶೋಧಪದಗಳು ಯಾವುವು, ಸೂಚಿಯಿಂದ ಬಿಟ್ಟುಹೋದ ಪುಟಗಳು ಯಾವುವು, ಎಚ್ಚರಿಕೆಯ ಪತ್ರಗಳೇನಾದರೂ ಬಂದಿವೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದು ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಓದಿದರಾಯಿತು. ತಿದ್ದಿದ ಪುಟವನ್ನು ಮತ್ತೆ ಓದಿಕೊಳ್ಳುವಂತೆ ಇನ್‌ಸ್ಪೆಕ್ಷನ್ ಸೌಲಭ್ಯದ ಮೂಲಕ ಕೋರಬಹುದು. ದಿನಕ್ಕೆ ಇಂತಿಷ್ಟೇ ಎಂಬ ಮಿತಿಯಿರುವುದರಿಂದ ಮುಖ್ಯವಾದ ಪುಟಗಳಿಗೆ ಮಾತ್ರ ಅದನ್ನು ಬಳಸಬೇಕು.

ನಾವು ಮೊದಲು ಪರಿವರ್ತಿಸಿದ್ದು ಆ ರಾತ್ರಿ ಶಾಲೆಯ ಲೇಖನವನ್ನೇ. ನಮ್ಮ ಹಿರಿಯ ಸದಸ್ಯೆಯೊಬ್ಬರು ಕನ್ನಡಕವೇರಿಸಿ ಕುಳಿತು ಅಕ್ಷರಕ್ಷರವನ್ನೂ ತಿದ್ದಿಕೊಟ್ಟರು. ಅದುವರೆಗೆ ವರದಿಯಲ್ಲಿ ಒಮ್ಮೆಯೂ ಕಾಣಿಸದಿದ್ದ ಆ ಪುಟ ಕೆಲವು ವಾರಗಳ ಬಳಿಕ ಪುಟಗಳ ಪಟ್ಟಿಯ ಕೊನೆಯಲ್ಲಿ ಕಾಣಿಸಿತು. ಕೆಲವೇ ಇಂಪ್ರೆಶನ್‌ಗಳು, ಅವುಗಳಲ್ಲಿ ಕ್ಲಿಕ್ ಒಂದು. ಯಾವ ಪದದಿಂದ ಹುಡುಕಿದರೆಂದು ವರದಿ ತೋರಿಸಲಿಲ್ಲ. ಅಷ್ಟು ವಿರಳವಾದ ಪದವಾಗಿದ್ದಿರಬೇಕು. ಪುಣೆಯ ಆ ಮಹಿಳೆಗಾದರೋ ನಾವು ಲೇಖನದ ಪ್ರತಿಯನ್ನು ಮೊದಲೇ ಕಳುಹಿಸಿಕೊಟ್ಟಿದ್ದೆವು. ಹಾಗಾದರೆ ಹುಡುಕಿದವರು ಬೇರೆ ಯಾರೋ ಇರಬಹುದು.

ಇನ್ನೂ ಹಲವು ಸಂಚಿಕೆಗಳು ಹಾಗೆಯೇ ಉಳಿದಿವೆ. ಅವುಗಳಲ್ಲಿ ರಾತ್ರಿ ಶಾಲೆಗಳನ್ನೂ ನಾಟಕ ತಂಡಗಳನ್ನೂ ಕಟ್ಟಿದವರ ಹೆಸರುಗಳಿವೆ. ಆ ಹೆಸರುಗಳನ್ನು ಎಲ್ಲಿಯೋ ಕುಳಿತು ಹುಡುಕುವ ಮೊಮ್ಮಕ್ಕಳಿರುತ್ತಾರೆ. ಕನ್ನಡ ಟೈಪಿಂಗ್ ಬಲ್ಲ ತರುಣರೂ, ಹಳೆಯ ಹೆಸರುಗಳನ್ನು ಸರಿಯಾಗಿ ಬಲ್ಲ ಹಿರಿಯರೂ ಒಟ್ಟಿಗೆ ಕುಳಿತರೆ ಮಾತ್ರ ಈ ಕಾರ್ಯ ಪೂರ್ಣವಾದೀತು. ವಾರಕ್ಕೆ ಎರಡು ಪುಟಗಳ ಕರಡನ್ನು ತಿದ್ದಬಲ್ಲ ಸದಸ್ಯ ಬಂಧುಗಳು ಕಾರ್ಯಾಲಯವನ್ನು ಸಂಪರ್ಕಿಸಬೇಕೆಂದು ವಿನಂತಿಸುತ್ತೇವೆ.